ಜಾತ್ರೆ ದಿನ ಬೇಕಾದವರು ಮರುದಿನವೂ ಬೇಕು

ಜೂನ್ ತಿಂಗಳು ಬಂತೆಂದರೆ ಎಲ್ಲರ ಮೊಬೈಲಿನಲ್ಲೂ ಕಾಮನಬಿಲ್ಲಿನ ಬಾವುಟ ಹಿಡಿದ ಮೆರವಣಿಗೆಗಳ ಫೋಟೊ, ವಿಡಿಯೊ ಓಡಾಡುತ್ತವೆ. ಅದಕ್ಕೆ 'ಪ್ರೈಡ್' ಎಂದು ಹೆಸರು. ಕನ್ನಡದಲ್ಲಿ ಹೇಳುವುದಾದರೆ ಸ್ವಾಭಿಮಾನದ ಮೆರವಣಿಗೆ. ನಮ್ಮ ಊರಿನ ವಾಟ್ಸ್ಯಾಪ್ ಗ್ರೂಪುಗಳಿಗೆ ಇಂಥ ವಿಡಿಯೊ ಬಂದರೆ ನಾಲ್ಕು ಜನ ನಗುತ್ತಾರೆ, ಒಬ್ಬರು 'ಇದೆಲ್ಲ ಅಮೆರಿಕದ ಖಯಾಲಿ, ನಮಗ್ಯಾಕೆ' ಅನ್ನುತ್ತಾರೆ, ಮಾತು ಅಲ್ಲಿಗೆ ಮುಗಿಯುತ್ತದೆ.

ನಮಗೆ ಅದು ಅಲ್ಲಿಗೆ ಮುಗಿಯುವ ಮಾತು ಅನ್ನಿಸುವುದಿಲ್ಲ. ಆ ಬಾವುಟ ಹುಟ್ಟಿದ ಊರಿನ ಕತೆ ತೆಗೆದು ನೋಡಿದರೆ ಅದರಲ್ಲಿ ಅಂಗಡಿ ಇದೆ, ವ್ಯಾಪಾರಸ್ಥರ ಸಂಘದ ಜಗಳ ಇದೆ, ಜಾತ್ರೆ ಇದೆ, ಉದ್ಯೋಗದ ಪ್ರಶ್ನೆ ಇದೆ. ಇವೆಲ್ಲ ನಮಗೂ ಗೊತ್ತಿರುವ ಸಂಗತಿಗಳೇ.

ಮೊದಲು ಒಂದು ಪದದ ಅರ್ಥ ಹೇಳಿಬಿಡುತ್ತೇವೆ. ಗಂಡು ಗಂಡನ್ನು ಪ್ರೀತಿಸುವವರು, ಹೆಣ್ಣು ಹೆಣ್ಣನ್ನು ಪ್ರೀತಿಸುವವರು, ಗಂಡಾಗಿ ಹುಟ್ಟಿ ಹೆಣ್ಣಾಗಿ ಬದುಕುವವರು, ಹೆಣ್ಣಾಗಿ ಹುಟ್ಟಿ ಗಂಡಾಗಿ ಬದುಕುವವರು, ಇವೆರಡರಲ್ಲಿ ಯಾವುದೂ ತಾವಲ್ಲ ಅನ್ನುವವರು, ಇವರೆಲ್ಲರನ್ನೂ ಸೇರಿಸಿ ಈಗ 'ಕ್ವಿಯರ್' ಎಂದು ಕರೆಯುತ್ತಾರೆ. ಇವರೆಲ್ಲರ ಬದುಕು ಒಂದೇ ಥರ ಇಲ್ಲ. ಆದರೆ ಊರಿನವರ ನಗು, ಮನೆಯವರ ಸಿಟ್ಟು, ಕೆಲಸ ಸಿಗದ ಕಷ್ಟ ಹೆಚ್ಚುಕಡಿಮೆ ಎಲ್ಲರಿಗೂ ಒಂದೇ.

ಒಂದು ಬೀದಿಯ ವ್ಯಾಪಾರಸ್ಥರ ಜಗಳ

ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ ನಗರದಲ್ಲಿ ಕ್ಯಾಸ್ಟ್ರೊ ಎಂಬ ಬೀದಿ ಇದೆ. ಅರವತ್ತು ವರ್ಷದ ಹಿಂದೆ ಅದು ಕೂಲಿ ಕಾರ್ಮಿಕ ಕುಟುಂಬಗಳ ಬಡಾವಣೆ. ಆ ಕುಟುಂಬಗಳು ಒಂದೊಂದಾಗಿ ನಗರದ ಹೊರವಲಯಕ್ಕೆ ಹೋದಾಗ ಹಳೇ ಮನೆಗಳು ಖಾಲಿ ಬಿದ್ದವು, ಬಾಡಿಗೆ ಇಳಿಯಿತು. ಬೇರೆ ಊರುಗಳಲ್ಲಿ ಮನೆ ಸಿಗದ, ಮನೆಯವರೇ ಹೊರಹಾಕಿದ ಸಲಿಂಗಿ ಗಂಡಸರು ಅಲ್ಲಿಗೆ ಬಂದು ಸೇರಿಕೊಂಡರು. ಹಳೇ ಮನೆ ರಿಪೇರಿ ಮಾಡಿಕೊಂಡರು, ಸಣ್ಣ ಅಂಗಡಿ ಹಾಕಿಕೊಂಡರು.

1973ರಲ್ಲಿ ಹಾರ್ವೆ ಮಿಲ್ಕ್ ಎಂಬುವರು ತಮ್ಮ ಸಂಗಾತಿಯ ಜೊತೆ ಸೇರಿ ಆ ಬೀದಿಯಲ್ಲಿ ಕ್ಯಾಮೆರಾ ಅಂಗಡಿ ತೆರೆದರು. ಫಿಲ್ಮ್ ರೋಲು ಮಾರುವುದು, ಫೋಟೊ ತೊಳೆಸಿಕೊಡುವುದು ಅವರ ವ್ಯಾಪಾರ. ಅಂಗಡಿಯಲ್ಲಿ ಗಿರಾಕಿಗಳಿಗಿಂತ ಮಾತಾಡಲು ಬಂದು ಕೂರುವವರೇ ಹೆಚ್ಚಾದರು. ನಮ್ಮ ಕಡೆ ಊರ ಸಮಾಚಾರವೆಲ್ಲ ಕ್ಷೌರದ ಅಂಗಡಿಯಲ್ಲಿ ಸಿಗುವ ಹಾಗೆ.

ಆ ಬಡಾವಣೆಯಲ್ಲಿ ಮೊದಲಿನಿಂದಲೂ ಒಂದು ವ್ಯಾಪಾರಸ್ಥರ ಸಂಘ ಇತ್ತು. ಇಬ್ಬರು ಸಲಿಂಗಿಗಳು ಹಳೇ ಸಾಮಾನುಗಳ ಅಂಗಡಿ ತೆರೆಯಲು ಹೊರಟಾಗ ಆ ಸಂಘದವರು ಅವರಿಗೆ ಲೈಸೆನ್ಸ್ ಸಿಗದಂತೆ ತಡೆಯಲು ನೋಡಿದರು. ಆಗ ಮಿಲ್ಕ್ ಮತ್ತು ಇತರರು ಸೇರಿ ಬೇರೆಯದೇ ಸಂಘ ಕಟ್ಟಿದರು. 1974ರಲ್ಲಿ ಆ ಹೊಸ ಸಂಘ ಬೀದಿಗೆ ಗಿರಾಕಿಗಳನ್ನು ಸೆಳೆಯಲು ಕ್ಯಾಸ್ಟ್ರೊ ಬೀದಿ ಜಾತ್ರೆ ನಡೆಸಿತು. ಐದು ಸಾವಿರಕ್ಕೂ ಹೆಚ್ಚು ಜನ ಬಂದರು. ಆ ಒಂದು ದಿನ ಹಳೇ ಸಂಘದ ಅಂಗಡಿಗಳಲ್ಲೂ ಹಿಂದೆಂದೂ ಆಗದಷ್ಟು ವ್ಯಾಪಾರ ಆಯಿತು. ಬೇಡ ಅಂದವರ ಗಲ್ಲಾಪೆಟ್ಟಿಗೆಯೂ ತುಂಬಿತು. ಆ ಜಾತ್ರೆ ಈಗಲೂ ಅಕ್ಟೋಬರ್ ತಿಂಗಳಲ್ಲಿ ನಡೆಯುತ್ತದೆ. ಅಲ್ಲಿ ಸಂಗೀತ, ಕುಣಿತ, ಕಲಾವಿದರ ಮಳಿಗೆಗಳು ಇರುತ್ತವೆ. ಬಂದ ಹಣದಲ್ಲಿ ಸ್ಥಳೀಯ ಸಂಘ ಸಂಸ್ಥೆಗಳಿಗೆ ನೆರವು ಹೋಗುತ್ತದೆ.

ಅದೇ ಕಾಲದ ಇನ್ನೊಂದು ಸಂಗತಿ ನಮಗೆ ಹೆಚ್ಚು ಇಷ್ಟವಾಯಿತು. ಒಂದು ಬಿಯರ್ ಕಂಪನಿಯ ಜೊತೆ ಲಾರಿ ಚಾಲಕರ ಯೂನಿಯನ್‌ಗೆ ಜಗಳ ಇತ್ತು. ಆ ಬಿಯರ್ ಮಾರಬೇಡಿ ಎಂದು ಬೀದಿಯ ಬಾರ್‌ಗಳನ್ನು ಒಪ್ಪಿಸಿಕೊಡಿ ಎಂದು ಯೂನಿಯನ್ನವರು ಮಿಲ್ಕ್ ಬಳಿ ಬಂದರು. ಮಿಲ್ಕ್ ಒಪ್ಪಿದರು. ಬದಲಿಗೆ ಕೇಳಿದ್ದು ಒಂದೇ: ನಮ್ಮವರಿಗೂ ಲಾರಿ ಓಡಿಸುವ ಕೆಲಸ ಕೊಡಿ. ಅವರು ಕೇಳಿದ್ದು ಅನುಕಂಪ ಅಲ್ಲ, ಉದ್ಯೋಗ.

ಮೂರು ಚುನಾವಣೆಗಳಲ್ಲಿ ಸೋತ ಮಿಲ್ಕ್ 1977ರಲ್ಲಿ ನಗರದ ಆಡಳಿತ ಮಂಡಳಿಗೆ ಗೆದ್ದು ಬಂದರು. ಅಧಿಕಾರದಲ್ಲಿ ಒಂದು ವರ್ಷ ಪೂರ್ತಿ ಇರಲು ಬಿಡಲಿಲ್ಲ. 1978ರ ನವೆಂಬರ್ 27ರಂದು, ಅದೇ ಮಂಡಳಿಯ ಸದಸ್ಯನಾಗಿದ್ದವನೊಬ್ಬ ಅವರನ್ನೂ ಮೇಯರನ್ನೂ ಗುಂಡಿಟ್ಟು ಕೊಂದ.

ಕೈಯಲ್ಲಿ ಬಣ್ಣ ಅದ್ದಿದ ಬಾವುಟ

ಕಾಮನಬಿಲ್ಲಿನ ಬಾವುಟ ಮೊದಲು ಹಾರಿದ್ದೂ ಅದೇ ನಗರದಲ್ಲಿ, ಅದೇ ವರ್ಷ, ಜೂನ್ 25ರಂದು. ಅದನ್ನು ರೂಪಿಸಿದವರು ಗಿಲ್ಬರ್ಟ್ ಬೇಕರ್ ಎಂಬ ಕಲಾವಿದ. ಸೈನ್ಯದಲ್ಲಿದ್ದು ಬಂದವರು, ಹೊಲಿಗೆ ಕಲಿತು ಮೆರವಣಿಗೆಗಳಿಗೆ ಬ್ಯಾನರ್ ಮಾಡಿಕೊಡುತ್ತಿದ್ದರು. ಸ್ವಯಂಸೇವಕರ ಒಂದು ಗುಂಪೇ ಸೇರಿ ಬಟ್ಟೆಗೆ ಕೈಯಲ್ಲೇ ಬಣ್ಣ ಅದ್ದಿ, ಒಣಗಿಸಿ, ಹೊಲಿದರು. ಮೊದಲ ಬಾವುಟದಲ್ಲಿ ಎಂಟು ಪಟ್ಟಿ ಇದ್ದವು. ಆಮೇಲೆ ಬೇಡಿಕೆ ಹೆಚ್ಚಿದಾಗ ಕಡುಗುಲಾಬಿ ಬಟ್ಟೆ ಬೇಕಾದಷ್ಟು ಸಿಗಲಿಲ್ಲ ಅಂತ ಆ ಪಟ್ಟಿಯನ್ನೇ ಕೈಬಿಟ್ಟರು. ಮುಂದೆ ಇನ್ನೊಂದು ಪಟ್ಟಿಯೂ ಹೋಗಿ ಆರು ಉಳಿದವು. ಜಗತ್ತೆಲ್ಲ ನೋಡುವ ಈ ಬಾವುಟದ ಹಿಂದೆ ಇರುವುದು ಒಬ್ಬ ದರ್ಜಿಯ ಕೆಲಸ, ಬಟ್ಟೆ ಅಂಗಡಿಯ ಸ್ಟಾಕು.

ಕ್ಯಾಸ್ಟ್ರೊದಲ್ಲಿ ಎಲ್ಲ ಚೆನ್ನಾಗಿತ್ತು ಅಂತ ನಾವು ಹೇಳುತ್ತಿಲ್ಲ. ಅಲ್ಲಿನ ಕೆಲವು ಬಾರ್‌ಗಳು ಹೆಂಗಸರನ್ನು, ಕಪ್ಪುಜನರನ್ನು ಒಳಗೆ ಬಿಡದೆ ಸತಾಯಿಸಿದ ದೂರುಗಳಿವೆ. ನೊಂದವರು ಕಟ್ಟಿದ ಬೀದಿಯಲ್ಲೂ ಮೇಲು ಕೀಳು ಇತ್ತು. ಜಾತಿ ನೋಡಿ ಬಾಡಿಗೆ ಕೊಡುವ ನಮಗೆ ಇದು ಅರ್ಥವಾಗದ ಮಾತೇನಲ್ಲ. ಈಗ ಆ ನಗರದಲ್ಲಿ ಬಾಡಿಗೆ ಎಷ್ಟು ಏರಿದೆ ಅಂದರೆ ಬಡ ಕಲಾವಿದರು ಅಲ್ಲಿ ಉಳಿಯುವುದೇ ಕಷ್ಟ. ದೊಡ್ಡ ಕಂಪನಿಗಳ ಪ್ರೀತಿಯನ್ನೂ ನಂಬುವ ಹಾಗಿಲ್ಲ. ಸ್ಯಾನ್ ಫ್ರಾನ್ಸಿಸ್ಕೊ ಪ್ರೈಡ್‌ಗೆ ಹಣ ಕೊಡುತ್ತಿದ್ದ ಕೆಲವು ದೊಡ್ಡ ಕಂಪನಿಗಳು 2025ರಲ್ಲಿ ಹಿಂದೆ ಸರಿದವು.

ಆದರೂ ಒಂದು ಮಾತು ನಿಜ. ಮೊದಲ ಬೀದಿ ಜಾತ್ರೆ ನಡೆದದ್ದು 1974ರಲ್ಲಿ. ಆ ರಾಜ್ಯದಲ್ಲಿ ಸಲಿಂಗ ಸಂಬಂಧ ಅಪರಾಧ ಅಲ್ಲ ಎಂಬ ಕಾನೂನು ಜಾರಿಗೆ ಬಂದದ್ದು 1976ರಲ್ಲಿ. ಅಂದರೆ ಸರ್ಕಾರಕ್ಕಿಂತ ಮೊದಲು ಬೀದಿಯವರು ಒಪ್ಪಿಕೊಂಡರು.

ನಮ್ಮಲ್ಲಿ ಉಲ್ಟಾ ಆಗಿದೆ

ನಮ್ಮಲ್ಲಿ ಕಾನೂನು ಮುಂದೆ ಹೋಗಿದೆ, ಬೀದಿ ಹಿಂದೆ ಉಳಿದಿದೆ. ಬೆಂಗಳೂರಿನಲ್ಲಿ ಮೊದಲ ಪ್ರೈಡ್ ಮೆರವಣಿಗೆ ನಡೆದದ್ದು 2008ರಲ್ಲಿ. 2014ರಲ್ಲಿ ಸುಪ್ರೀಂ ಕೋರ್ಟ್ ತೃತೀಯ ಲಿಂಗಿಗಳ ಹಕ್ಕನ್ನು ಒಪ್ಪಿತು. 2018ರ ಸೆಪ್ಟೆಂಬರ್ 6ರಂದು ಸಲಿಂಗ ಸಂಬಂಧ ಅಪರಾಧ ಅಲ್ಲ ಎಂದು ಹೇಳಿತು. ಲಿಂಗತ್ವ ಅಲ್ಪಸಂಖ್ಯಾತರಿಗೆ ಕೆಲಸದಲ್ಲಿ, ಬಾಡಿಗೆ ಮನೆಯಲ್ಲಿ ಭೇದ ಮಾಡಬಾರದು ಎಂದು 2019ರ ಕೇಂದ್ರ ಕಾನೂನು ಹೇಳಿತು. 2021ರಲ್ಲಿ ಕರ್ನಾಟಕ ಸರ್ಕಾರ ಅವರಿಗೆ ಸರ್ಕಾರಿ ನೇಮಕಾತಿಯಲ್ಲಿ ಶೇಕಡಾ 1ರಷ್ಟು ಮೀಸಲಾತಿ ಕೊಟ್ಟಿತು. ಇಷ್ಟಾದ ಮೇಲೂ ನಮ್ಮ ತಾಲ್ಲೂಕು ಕೇಂದ್ರಗಳಲ್ಲಿ ಒಬ್ಬ ಮಂಗಳಮುಖಿಗೆ ಬಾಡಿಗೆ ಮನೆ ಕೇಳಿ ನೋಡಿ. ಮೊದಲ ಉತ್ತರ ಏನು ಬರುತ್ತದೆ ಅಂತ ನಿಮಗೂ ಗೊತ್ತು.

'ಇದು ಹೊರಗಿನ ಸಂಸ್ಕೃತಿ' ಅನ್ನುವವರಿಗೆ ನಾವು ಅಮೆರಿಕದ ಉದಾಹರಣೆ ಕೊಡಬೇಕಿಲ್ಲ. ಸವದತ್ತಿ, ಹುಲಿಗಿ ಕಡೆಯವರನ್ನು ಕೇಳಿದರೆ ಸಾಕು. ಯಲ್ಲಮ್ಮನ ಕೊಡ ತಲೆ ಮೇಲೆ ಹೊತ್ತು, ಕೈ ಹಿಡಿಯದೆ ಕುಣಿಯುವ ಜೋಗತಿಯರನ್ನು ತಲೆಮಾರುಗಳಿಂದ ನೋಡಿದ್ದೇವೆ. ಚೌಡಿಕೆ ಸದ್ದು ಕೇಳಿದರೆ ಅಂಗಡಿಯವರು ಎದ್ದು ಬಂದು ಕಾಣಿಕೆ ಹಾಕುತ್ತಾರೆ, ಮಗುವಿನ ತಲೆ ಮೇಲೆ ಕೈ ಇಡಿಸುತ್ತಾರೆ. ವಿರಾಟನ ಆಸ್ಥಾನದಲ್ಲಿ ಬೃಹನ್ನಳೆಗೆ ನಾಟ್ಯ ಕಲಿಸುವ ಕೆಲಸ ಸಿಕ್ಕಿತ್ತು ಎಂಬ ಕತೆಯನ್ನು ಬಯಲಾಟದಲ್ಲಿ ರಾತ್ರಿಯಿಡೀ ಕೂತು ನೋಡಿದವರು ನಾವು.

ಬಳ್ಳಾರಿ ಜಿಲ್ಲೆಯಲ್ಲಿ ಹುಟ್ಟಿದ ಮಂಜಮ್ಮ ಜೋಗತಿ ಮನೆ ಬಿಟ್ಟು ಬಂದು, ಬೇಡಿ ತಿಂದು, ಇಡ್ಲಿ ಮಾರಿ ಬದುಕಿದವರು. ಕಾಳವ್ವ ಜೋಗತಿಯವರ ಜೊತೆ ಸೇರಿ ಜೋಗತಿ ನೃತ್ಯವನ್ನು ಊರೂರಿಗೆ ಒಯ್ದರು. 2010ರಲ್ಲಿ ರಾಜ್ಯೋತ್ಸವ ಪ್ರಶಸ್ತಿ ಬಂತು. 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. 2021ರಲ್ಲಿ ಪದ್ಮಶ್ರೀ ಸ್ವೀಕರಿಸುವಾಗ ರಾಷ್ಟ್ರಪತಿಗಳಿಗೇ ಸೆರಗಿನಿಂದ ದೃಷ್ಟಿ ತೆಗೆದದ್ದನ್ನು ನಾವೆಲ್ಲ ಮೊಬೈಲಿನಲ್ಲಿ ನೋಡಿ ಹೆಮ್ಮೆಪಟ್ಟೆವು, ಸ್ಟೇಟಸ್ ಹಾಕಿಕೊಂಡೆವು.

ಒಬ್ಬ ಮಂಜಮ್ಮನವರ ಫೋಟೊ ಸ್ಟೇಟಸ್‌ನಲ್ಲಿದೆ. ಅದೇ ಊರಿನ ಇನ್ನೊಬ್ಬ ಜೋಗತಿ ಬಸ್ಸಿನಲ್ಲಿ ಕೂತರೆ ಪಕ್ಕದ ಸೀಟು ಖಾಲಿ ಉಳಿಯುತ್ತದೆ. ಜಾತ್ರೆ ದಿನ 'ಅಮ್ಮಾ' ಎಂದು ಕಾಲಿಗೆ ಬೀಳುವವರೇ ಮರುದಿನ ಅಂಗಡಿ ಮುಂದೆ ನಿಂತರೆ 'ಮುಂದಕ್ಕೆ ಹೋಗು' ಅನ್ನುತ್ತಾರೆ. ದೇವರ ಹೆಸರಿನಲ್ಲಿ ಬಂದರೆ ಗೌರವ, ಕೆಲಸ ಕೇಳಿ ಬಂದರೆ ಅವಮಾನ. ಇದು ಬದಲಾಗದೆ ಪ್ರಶಸ್ತಿಗಳಿಂದ ಹೆಚ್ಚೇನೂ ಆಗದು. ಜೋಗತಿ ಅಲ್ಲದ, ಮುತ್ತು ಕಟ್ಟಿಸಿಕೊಳ್ಳದ, ಸುಮ್ಮನೆ ತನ್ನ ಪಾಡಿಗೆ ಬದುಕಬೇಕು ಅನ್ನುವ ಸಲಿಂಗಿ ಹುಡುಗನಿಗೋ ಹುಡುಗಿಗೋ ಜಾತ್ರೆ ದಿನದ ಗೌರವವೂ ಇಲ್ಲ.

'ಗಿರಾಕಿ ಬರೋದು ನಿಲ್ಲುತ್ತೆ'

ಅಂಗಡಿಯವರ ಅಳುಕು ಏನೆಂದು ನಮಗೆ ಗೊತ್ತು. 'ಇಂಥವರನ್ನು ಕೆಲಸಕ್ಕೆ ಇಟ್ಟುಕೊಂಡರೆ ಗಿರಾಕಿಗಳು ಬರಲ್ಲ' ಅನ್ನುತ್ತಾರೆ. ಕ್ಯಾಸ್ಟ್ರೊದ ಹಳೇ ಸಂಘದವರೂ ಬೀದಿಯ ವ್ಯಾಪಾರ ಕೆಡುತ್ತದೆ ಎಂದೇ ಹೆದರಿದ್ದರು. ಆದದ್ದು ಬೇರೆ. ನಮ್ಮ ಊರಿನ ಗಿರಾಕಿ ನೋಡುವುದು ತೂಕ ಸರಿ ಇದೆಯಾ, ಚಿಲ್ಲರೆ ಸರಿ ಕೊಟ್ಟರಾ, ಉದ್ರಿ ಕೊಡುತ್ತಾರಾ ಅನ್ನುವುದನ್ನು. ಒಂದು ವಾರ ಹೊಸದು ಅಂತ ನೋಡುತ್ತಾರೆ, ಎರಡನೇ ವಾರ ಸಕ್ಕರೆ ರೇಟು ಕೇಳುತ್ತಾರೆ.

'ಅವರು ದುಡ್ಡಿಗೆ ಪೀಡಿಸುತ್ತಾರೆ' ಅನ್ನುವ ಮಾತೂ ಇದೆ. ಕೆಲವು ಕಡೆ ಅದು ನಡೆಯುತ್ತದೆ, ಇಲ್ಲ ಅನ್ನುವುದಿಲ್ಲ. ಆದರೆ ಯಾರೂ ಕೆಲಸ ಕೊಡುವುದಿಲ್ಲ ಎಂದ ಮೇಲೆ ಕೈ ಚಾಚುವುದು ಬಿಟ್ಟು ಉಳಿದಿರುವ ದಾರಿ ಯಾವುದು ಎಂದು ಬೈಯುವವರು ಹೇಳಲಿ.

ನಾವು ಹಳ್ಳಿಯಲ್ಲಿ ಕಾಮನಬಿಲ್ಲಿನ ಬಾವುಟ ಕಟ್ಟಿ ಎಂದು ಕೇಳುತ್ತಿಲ್ಲ. ಕಟ್ಟಿದರೆ ಸಂತೋಷ. ಅದಕ್ಕಿಂತ ಮೊದಲು ಆಗಬೇಕಾದ್ದು ನಾಲ್ಕು ಕೆಲಸ.

ಜಾತ್ರೆ ಕಮಿಟಿಯವರು ಡೊಳ್ಳಿನ ತಂಡಕ್ಕೆ, ನಾಟಕ ಕಂಪನಿಗೆ ಮೊದಲೇ ವೀಳ್ಯ ಕೊಟ್ಟು ಮಾತಾಡುವ ಹಾಗೆ ಜೋಗತಿ ತಂಡಕ್ಕೂ ಸಂಭಾವನೆ ಮಾತಾಡಲಿ. ಅವರ ಹೆಸರು ಕರಪತ್ರದಲ್ಲಿ ಅಚ್ಚಾಗಲಿ. ಕುಣಿಯುವವರ ಮೇಲೆ ನೋಟು ಎಸೆಯುವುದು ನಿಲ್ಲಲಿ.

ಹೊಸ ಅಂಗಡಿ ಪೂಜೆಗೆ ಆಶೀರ್ವಾದ ಮಾಡಲು ಕರೆಯುವ ಮಾಲೀಕರು ಅದೇ ಅಂಗಡಿಯಲ್ಲಿ ಒಂದು ಕೆಲಸವನ್ನೂ ಕೊಡಲಿ. ಪ್ಯಾಕಿಂಗ್, ಬಿಲ್ಲಿಂಗ್, ಹೋಟೆಲ್ ಅಡುಗೆ, ಬ್ಯೂಟಿ ಪಾರ್ಲರ್, ಹೊಲಿಗೆ ಅಂಗಡಿ, ಯಾವುದಾದರೂ ಸರಿ. ಸಂಬಳ ಉಳಿದವರಷ್ಟೇ ಇರಲಿ.

ಸಂತೆಯಲ್ಲಿ ಒಂದು ಜಾಗ ಸಿಗಲಿ. ಯಾರಾದರೂ ಬಳೆ, ತರಕಾರಿ, ಇಡ್ಲಿ ಇಟ್ಟುಕೊಂಡು ಕೂತರೆ ಪಕ್ಕದವರು ಎಬ್ಬಿಸದಂತೆ ಪಂಚಾಯಿತಿಯವರು ನೋಡಿಕೊಳ್ಳಲಿ.

ನಾಲ್ಕನೆಯದು ಮನೆಗಳಲ್ಲಿ ಆಗಬೇಕು. ನಡಿಗೆ, ದನಿ ಬೇರೆ ಥರ ಇದೆ ಅಂತ ಶಾಲೆಯಲ್ಲಿ ಅಡ್ಡಹೆಸರು ಕರೆಸಿಕೊಳ್ಳುವ ಹುಡುಗ ಊರು ಬಿಟ್ಟು ಹೋಗುವ ಮೊದಲು ಅವನ ಅಪ್ಪ, ಚಿಕ್ಕಪ್ಪ, ಮಾಸ್ತರು ಯಾರಾದರೂ ಒಬ್ಬರು ಅವನ ಪರವಾಗಿ ಬಾಯಿಬಿಡಲಿ. ಮದುವೆ ಮಾಡಿದರೆ ಸರಿಹೋಗುತ್ತಾನೆ ಅಂತ ಇನ್ನೊಂದು ಮನೆಯ ಹೆಣ್ಣುಮಗಳ ಬದುಕನ್ನೂ ಹಾಳು ಮಾಡುವುದು ಬೇಡ.

ನಿಮ್ಮ ಊರಿನ ಜಾತ್ರೆ ಕಮಿಟಿ ಸಭೆ ಯಾವಾಗಲಾದರೂ ಸೇರಿಯೇ ಸೇರುತ್ತದೆ. ಖರ್ಚಿನ ಪಟ್ಟಿ ಬರೆಯುವಾಗ ಶಾಮಿಯಾನ, ಪಟಾಕಿ, ಮೈಕ್ ಸೆಟ್ಟಿನ ಕೆಳಗೆ 'ಜೋಗತಿ ತಂಡದ ಸಂಭಾವನೆ' ಎಂದು ಒಂದು ಸಾಲು ಸೇರಿಸಿ ಅಂತ ಹೇಳಿ. ಯಾರಾದರೂ ನಕ್ಕರೆ, ಎಷ್ಟು ಬರೆಯೋಣ ಎಂದು ಅವರನ್ನೇ ಕೇಳಿ.