ಅನ್ನದೊಳಗಿನ ಸತುವಿಗೆ ಬೆಲೆ ಕಟ್ಟುವವರಾರು?

ತುಂಗಭದ್ರಾ ಕಾಲುವೆಗೆ 1953ರಲ್ಲಿ ನೀರು ಹರಿದ ಮೇಲೆ ಜೋಳ, ಸಜ್ಜೆಯ ಸೀಮೆಯಾದ ಸಿರುಗುಪ್ಪ, ಕುರುಗೋಡುಗಳು ಭತ್ತದ ಕಣಜಗಳಾದವು. ಬಳ್ಳಾರಿಯ ಹಮಾಲನೂ ಇಂದು ಅನ್ನ ಉಣ್ಣುತ್ತಾನೆ. ಹೊಟ್ಟೆಯೇನೋ ತುಂಬುತ್ತದೆ, ಮಕ್ಕಳ ಬೆಳವಣಿಗೆಗೆ, ಬೇನೆ ತಡೆಯುವ ಶಕ್ತಿಗೆ ಬೇಕಾದ ಸತು ಆ ಅನ್ನದಲ್ಲಿ ಕಡಿಮೆ. ಮೊಟ್ಟೆ, ಮಾಂಸ ಕೊಳ್ಳಬಲ್ಲವರಿಗೆ ಇದರ ಚಿಂತೆಯಿಲ್ಲ.

ಕೊರತೆ ಮಣ್ಣಿನಲ್ಲೇ ಮೊದಲಾಗುತ್ತದೆ. ಸುಣ್ಣದಂಶದ ಎರೆಭೂಮಿಯಲ್ಲಿ ಸತು ಇದ್ದರೂ ಬೇರಿಗೆ ದಕ್ಕದು. ಗದ್ದೆಯಲ್ಲಿ ನಿಂತ ನೀರು, ಮಿತಿಮೀರಿ ಸುರಿದ ಡಿ.ಎ.ಪಿ. ಅದನ್ನು ಇನ್ನಷ್ಟು ಕಟ್ಟಿಹಾಕುತ್ತವೆ. ಭತ್ತದ ಖೈರಾ ರೋಗಕ್ಕೆ ಸತುವಿನ ಕೊರತೆಯೇ ಕಾರಣವೆಂದು ಪಂತನಗರದ ವಿಜ್ಞಾನಿ ವೈ.ಎಲ್. ನೇನೆ 1966ರಲ್ಲಿಯೇ ತೋರಿಸಿದರು. ಮಣ್ಣಿಗೆ ಹಾಕಿದ ಜಿಂಕ್ ಸಲ್ಫೇಟ್ ಇಳುವರಿಯನ್ನು ಉಳಿಸುತ್ತದೆ. ಕಾಳಿಗೆ ಸತು ಇಳಿಯಬೇಕಾದರೆ ತೆನೆ ಹೊರಟು ಕಾಳು ಹಾಲುಗಟ್ಟುವ ಹೊತ್ತಿಗೆ ಎಲೆಗೂ ಸಿಂಪಡಿಸಬೇಕು. ಆ ಕೂಲಿಯನ್ನು ರೈತನಿಗೆ ಕೊಡುವವರಾರು?

ತಳಿಗಳಿಗೇನೂ ಬರವಿಲ್ಲ. ಹೈದರಾಬಾದಿನ ಭತ್ತ ಸಂಶೋಧನಾ ಸಂಸ್ಥೆಯ ಡಿ.ಆರ್.ಆರ್. ಧಾನ್ 45 ಬಿಡುಗಡೆಯಾದದ್ದು 2016ರಲ್ಲಿ. ಪಾಲಿಶ್ ಮಾಡಿದ ಅದರ ಅಕ್ಕಿಯಲ್ಲಿ ಕಿಲೋಗೆ 22.6 ಮಿಲಿಗ್ರಾಂ ಸತು. ರೂಢಿಯ ತಳಿಗಳಲ್ಲಿ 12ರಿಂದ 16. ಗೋಧಿಯಲ್ಲಿ ಪುಣೆಯ ಅಘಾರ್ಕರ್ ಸಂಸ್ಥೆಯ ಎಂ.ಎ.ಸಿ.ಎಸ್. 4028 ಇದೆ, ಕಿಲೋಗೆ 40.3 ಮಿಲಿಗ್ರಾಂ. ಇವೆಲ್ಲ ಜನರ ತೆರಿಗೆ ಹಣದಿಂದ ಹುಟ್ಟಿದ ತಳಿಗಳು.

ಆದರೂ ಸಿರುಗುಪ್ಪದ ರೈತ ಸೋನಾ ಮಸೂರಿಯನ್ನೇ ನೆಚ್ಚುತ್ತಾನೆ. ವ್ಯಾಪಾರಿ ನೋಡುವುದು ಅಕ್ಕಿಯ ಬಿಳುಪು, ಸಣ್ಣತನ. ಸರಕಾರವಾದರೂ ಬೇರೆಯೇ? ಬೆಂಬಲ ಬೆಲೆಯಲ್ಲಿ ಸಾಮಾನ್ಯ ಭತ್ತಕ್ಕೊಂದು ದರ, ಎ ದರ್ಜೆಗೊಂದು ದರ. ಭೇದ ಕಾಳಿನ ಆಕಾರದ್ದು. ತೇವ ಶೇಕಡ 17 ಮೀರಿದರೆ ತಕರಾರು. ಸತುವಿನ ಮಾತೇ ಇಲ್ಲ. 2010ರ ಗೊಬ್ಬರ ನೀತಿ ಸತು ಸೇರಿಸಿದ ಗೊಬ್ಬರಕ್ಕೆ ಟನ್ನಿಗೆ 500 ರೂಪಾಯಿ ಹೆಚ್ಚುವರಿ ಸಹಾಯಧನ ಇಟ್ಟಿತು. ಅದು ಕಂಪನಿಯ ಲೆಕ್ಕಕ್ಕೆ ಹೋಗುವ ಹಣ. ಭೇದಿಯಾದ ಮಗುವಿಗೆ 14 ದಿನ ಸತುವಿನ ಗುಳಿಗೆ ನುಂಗಿಸುವ ಸರಕಾರ, ಅದೇ ಸತುವನ್ನು ಕಾಳಿನಲ್ಲಿ ಬೆಳೆದುಕೊಟ್ಟವನಿಗೆ ಒಂದು ಕಾಸೂ ಹೆಚ್ಚು ಕೊಡದು!

ಜಿಲ್ಲೆಯ ಹಾಸ್ಟೆಲುಗಳು, ಅಂಗನವಾಡಿ, ಬಿಸಿಯೂಟಕ್ಕೆ ಬೇಕಾದ ಅಕ್ಕಿಯನ್ನು ಇಂಥ ತಳಿಯಿಂದಲೇ, ಬೆಂಬಲ ಬೆಲೆಯ ಮೇಲೆ ಪ್ರೋತ್ಸಾಹಧನ ಕೊಟ್ಟು, ಸಿರುಗುಪ್ಪ ಕುರುಗೋಡುಗಳಲ್ಲೇ ಕೊಳ್ಳಬೇಕು. ಬೀಜವನ್ನು ಸಿರುಗುಪ್ಪದ ಕೃಷಿ ಸಂಶೋಧನಾ ಕೇಂದ್ರ ಬೆಳೆಸಿಕೊಡಲಿ. ಸತುವಿನ ಪರೀಕ್ಷೆ ಸರಕಾರದ ಖರ್ಚಿನಲ್ಲಿ ನಡೆಯಲಿ. ಪ್ರೋತ್ಸಾಹಧನ ಮಾತ್ರ ಪಹಣಿಯಲ್ಲಿ ಹೆಸರಿದ್ದು ಊರಲ್ಲಿಲ್ಲದ ಧಣಿಗೆ ಸಲ್ಲಬಾರದು. ಗುತ್ತಿಗೆಗೆ ಹೊಲ ಮಾಡಿ ಕೆಸರು ತುಳಿದವನ ಕೈಗೇ ಬರಬೇಕು.