ಪಿಯುಸಿ ಭಾರ ಹೊರುವವರು ಒಬ್ಬರು, ಮೆಡಿಕಲ್ ಸೀಟು ಇನ್ನೊಬ್ಬರಿಗೆ

ಪರೀಕ್ಷೆ ಫಲಿತಾಂಶ ಬಂದ ದಿನ ಮಾತ್ರ ನಮ್ಮ ಚಿಕ್ಕೋಡಿ ಒಂದು ಜಿಲ್ಲೆಯಾಗುತ್ತದೆ. ಉಳಿದ ದಿನ ಬೆಳಗಾವಿ ಜಿಲ್ಲೆಯ ತಾಲೂಕು ಅಷ್ಟೇ. ಪಿಯುಸಿ ಪಟ್ಟಿಯಲ್ಲಿ ಈ ಸಲ ಎಷ್ಟನೇ ಸ್ಥಾನ ಅಂತ ಎರಡು ದಿನ ಚರ್ಚೆ ನಡೆಯುತ್ತದೆ. ಆದರೆ ಡಾಕ್ಟರ್ ಆಗಬೇಕು ಅಂತ ಸೈನ್ಸ್ ತಗೊಂಡ ರಾಯಬಾಗದ ಹುಡುಗಿಗೆ ಆ ಅಂಕಗಳಿಂದ ಆಗುವ ಉಪಯೋಗ ಬಹಳ ಕಡಿಮೆ. ಭೌತ, ರಸಾಯನ, ಜೀವಶಾಸ್ತ್ರದಲ್ಲಿ ಒಟ್ಟು ಶೇ. 50 (ಮೀಸಲಾತಿ ಇದ್ದರೆ ಶೇ. 40) ಬಂದರೆ ಸಾಕು. ರ‍್ಯಾಂಕ್ ಕೊಡುವುದು ನೀಟ್ ಒಂದೇ.

ಹಾಗಂತ ಪಿಯುಸಿ ಬಿಟ್ಟುಬಿಡಲು ಆಗುತ್ತದೆಯೇ? ಎರಡು ಭಾಷೆ, ನಾಲ್ಕು ವಿಜ್ಞಾನ ವಿಷಯ, ಮೇಲೆ ಪ್ರಾಕ್ಟಿಕಲ್. ನೀಟ್‌ಗೆ ಗಣಿತ ಬೇಕಿಲ್ಲ, ಆದರೂ ಮೆಡಿಕಲ್ ತಪ್ಪಿದರೆ ಎಂಜಿನಿಯರಿಂಗ್ ಇರಲಿ ಅಂತ ಮನೆಯವರು ಗಣಿತ ಬಿಡಿಸುವುದಿಲ್ಲ. ಎಂಜಿನಿಯರಿಂಗ್ ರ‍್ಯಾಂಕ್‌ನಲ್ಲಿ ಅರ್ಧ ಪಿಯುಸಿ ಅಂಕ, ಅರ್ಧ ಸಿಇಟಿ. ಅಂದರೆ ಒಂದೇ ಬೇಸಿಗೆಯಲ್ಲಿ ಮೂರು ಪರೀಕ್ಷೆ.

'ಎಲ್ಲದಕ್ಕೂ ಎನ್‌ಸಿಇಆರ್‌ಟಿ ಪಠ್ಯವೇ ಅಲ್ವಾ?' ಅಂತ ಕೇಳುವವರಿದ್ದಾರೆ. ಪಠ್ಯ ಹೆಚ್ಚುಕಡಿಮೆ ಅದೇ, ಓದುವ ರೀತಿ ಬೇರೆ. ಬೋರ್ಡ್ ಪರೀಕ್ಷೆಗೆ ಹಂತ ಹಂತವಾಗಿ ಬರೆದು ತೋರಿಸಬೇಕು. ನೀಟ್‌ನಲ್ಲಿ 180 ನಿಮಿಷಕ್ಕೆ 180 ಪ್ರಶ್ನೆ, ತಪ್ಪಾದರೆ ಒಂದು ಅಂಕ ಕಳೆಯುತ್ತಾರೆ. ಒಂದೇ ಪಾಠವನ್ನು ಎರಡು ಸಲ ಓದಬೇಕು. ಅದೂ ಹತ್ತರವರೆಗೆ ಕನ್ನಡದಲ್ಲೋ ಮರಾಠಿಯಲ್ಲೋ ಓದಿ ಬಂದು, ಪಿಯುದಲ್ಲಿ ಒಮ್ಮೆಲೇ ಇಂಗ್ಲಿಷ್ ಪುಸ್ತಕಕ್ಕೆ ಬಿದ್ದ ಮಗು. ನೀಟ್ ಪ್ರಶ್ನೆಪತ್ರಿಕೆ ಕನ್ನಡದಲ್ಲೂ ಮರಾಠಿಯಲ್ಲೂ ಸಿಗುತ್ತದೆ, ನಿಜ. ಎರಡು ವರ್ಷ ಇಂಗ್ಲಿಷ್‌ನಲ್ಲಿ ಕಲಿತ ಪಾಠಕ್ಕೆ ಅದರಿಂದ ಏನು ಪ್ರಯೋಜನ?

ಈ ಭಾರ ಎಲ್ಲರಿಗೂ ಒಂದೇ ಅಲ್ಲ. ಮೂಡುಬಿದಿರೆ, ಮಂಗಳೂರು, ಧಾರವಾಡ ಕಡೆಯ 'ಇಂಟಿಗ್ರೇಟೆಡ್' ಕಾಲೇಜುಗಳಲ್ಲಿ ಬೋರ್ಡ್ ಪಾಠ, ನೀಟ್ ತಯಾರಿ ಎರಡನ್ನೂ ಒಂದೇ ವೇಳಾಪಟ್ಟಿಯಲ್ಲಿ ಹೊಂದಿಸಿರುತ್ತಾರೆ. ಅಲ್ಲಿ ಫೀ ಕಟ್ಟಿದವರು ಕೊಳ್ಳುವುದು ಮುಖ್ಯವಾಗಿ ಸಮಯವನ್ನೇ. ಅಥಣಿಯ ಹಳ್ಳಿಯಿಂದ ಬಸ್ ಹತ್ತಿ ಸರ್ಕಾರಿ ಕಾಲೇಜಿಗೆ ಬರುವವರಿಗೆ ಕಾಲೇಜು ಮುಗಿದ ಮೇಲೆ ನೀಟ್ ಓದು ಶುರು. ಆಗಲಿಲ್ಲವೆಂದರೆ ಲಾಂಗ್ ಟರ್ಮ್, ಅಂದರೆ ಇನ್ನೊಂದು ವರ್ಷ, ಇನ್ನಷ್ಟು ಸಾಲ.

ಕಾಗವಾಡದವರ ಕಥೆ ಇನ್ನೂ ವಿಚಿತ್ರ. ಹತ್ತಿರದ ಸರ್ಕಾರಿ ಮೆಡಿಕಲ್ ಕಾಲೇಜು ಗಡಿಯಾಚೆ ಮಿರಜದಲ್ಲಿದೆ. ಕೋಚಿಂಗ್‌ಗೆ ಸಾಂಗ್ಲಿಗೆ ಹೋಗಬಹುದು, ಯಾರೂ ತಡೆಯುವುದಿಲ್ಲ. ಸೀಟಿನ ಮಾತು ಬಂದಾಗ ಶೇ. 85 ಮಹಾರಾಷ್ಟ್ರದ ಮಕ್ಕಳಿಗೆ, ಇವರಿಗೆ ಉಳಿಯುವುದು ಅಖಿಲ ಭಾರತ ಕೋಟಾದ ಪೈಪೋಟಿ.

ನಮ್ಮ ರಾಜ್ಯದ ಮೀಸಲಾತಿ ಈ ಎರಡು ವರ್ಷಗಳನ್ನು ನೋಡುವುದೇ ಇಲ್ಲ. ಗ್ರಾಮೀಣ ಕೋಟಾ ಶೇ. 15, ಕನ್ನಡ ಮಾಧ್ಯಮಕ್ಕೆ ಶೇ. 5. ಎರಡಕ್ಕೂ ಕೇಳುವುದು 1ರಿಂದ 10ನೇ ತರಗತಿಯ ದಾಖಲೆ. ಹಳ್ಳಿಯಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ ದುಬಾರಿ ವಸತಿ ಕಾಲೇಜಿಗೆ ಹೋದವರೂ, ಊರ ಕಾಲೇಜಿನಲ್ಲೇ ಉಳಿದವರೂ ಅದೇ ಕೋಟಾದಲ್ಲಿ ಪೈಪೋಟಿ ಮಾಡಬೇಕು. ನಿಪ್ಪಾಣಿಯ ಮರಾಠಿ ಶಾಲೆಯ ಮಗುವಿಗಂತೂ ಆ ಶೇ. 5ರ ಬಾಗಿಲೂ ಇಲ್ಲ.

2024ರ ಜುಲೈನಲ್ಲಿ ನಮ್ಮ ವಿಧಾನಮಂಡಲ ನೀಟ್ ವಿರುದ್ಧ ನಿರ್ಣಯ ಮಾಡಿತು. ಕೆಲವರು ಪಿಯುಸಿ ಅಂಕವನ್ನೂ ರ‍್ಯಾಂಕ್‌ಗೆ ಸೇರಿಸಿ ಅನ್ನುತ್ತಾರೆ. ನನಗೆ ಒಪ್ಪಿಗೆಯಿಲ್ಲ, ಬೋರ್ಡ್‌ನಲ್ಲೂ ಹೆಚ್ಚು ಅಂಕ ತೆಗೆಯುವ ಅನುಕೂಲ ಆ ವಸತಿ ಕಾಲೇಜುಗಳಿಗೇ ಇದೆ. ತಮಿಳುನಾಡು ನೀಟ್ ಅನ್ನು ವಿರೋಧಿಸುತ್ತಲೇ 2020ರಲ್ಲಿ ಬೇರೆ ದಾರಿ ಹಿಡಿಯಿತು. 6ರಿಂದ 12ನೇ ತರಗತಿವರೆಗೆ ಸರ್ಕಾರಿ ಶಾಲೆಯಲ್ಲಿ ಓದಿ ನೀಟ್ ಪಾಸಾದವರಿಗೆ ಶೇ. 7.5 ಮೆಡಿಕಲ್ ಸೀಟು ಇಟ್ಟಿತು. ಅದಕ್ಕೆ ದಿಲ್ಲಿಯವರು ನೀಟ್ ಕೈಬಿಡುವವರೆಗೆ ಕಾಯಬೇಕಿರಲಿಲ್ಲ. ಇಲ್ಲಿ ಸರ್ಕಾರಿ ಪಿಯು ಕಾಲೇಜಿನ ಆ ಎರಡು ವರ್ಷಗಳನ್ನೂ ಲೆಕ್ಕಕ್ಕೆ ಹಿಡಿಯುವ ಮಸೂದೆ ಎಲ್ಲಿದೆ ಅಂತ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ಐದೂ ಶಾಸಕರನ್ನು ನಾವು ಕೇಳಬೇಕು.