ಖಳನಿಗೆ ಎಷ್ಟು ನಿಮಿಷ?

ಕಳೆದ ರಜೆಯಲ್ಲಿ ಒಂದೇ ಕಥೆಯ, ಒಂದೇ ನಟರ ಎರಡು ಸಿನಿಮಾ ನೋಡಿದೆ. ಮೊದಲನೆಯದು 2017ರ ‘ಜಸ್ಟಿಸ್ ಲೀಗ್’, ಎರಡು ಗಂಟೆಯದು. ಇನ್ನೊಂದು 2021ರ ಮಾರ್ಚ್‌ನಲ್ಲಿ ಬಂದ ‘ಝ್ಯಾಕ್ ಸ್ನೈಡರ್ಸ್ ಜಸ್ಟಿಸ್ ಲೀಗ್’, ನಾಲ್ಕು ಗಂಟೆಯದು. ಮಗಳನ್ನು ಕಳೆದುಕೊಂಡ ನಿರ್ದೇಶಕ ಸ್ನೈಡರ್ ಕೆಲಸ ಬಿಟ್ಟು ಹೋದಾಗ, ಜಾಸ್ ವೀಡನ್ ಅವರು ಕೆಲವು ದೃಶ್ಯ ಸೇರಿಸಿ, ಬಹಳಷ್ಟನ್ನು ಕತ್ತರಿಸಿ ಮುಗಿಸಿದ್ದು ಮೊದಲನೆಯದು. ಅಭಿಮಾನಿಗಳ ಒತ್ತಾಯದ ಮೇಲೆ ಸ್ನೈಡರ್ ತಾವೇ ಮರಳಿ ಕಟ್ಟಿದ್ದು ಎರಡನೆಯದು.

ಎರಡರಲ್ಲಿ ಯಾವುದರ ಫೈಟಿಂಗ್ ಚೆನ್ನಾಗಿದೆ ಎಂದು ಗೆಳೆಯರು ಇನ್ನೂ ವಾದ ಮಾಡುತ್ತಿದ್ದಾರೆ. ನನ್ನ ತಲೆಯಲ್ಲಿ ಉಳಿದದ್ದು ಮಾತ್ರ ವಿಲನ್ ಸ್ಟೆಪನ್‌ವುಲ್ಫ್. ಜ್ಯಾಕ್ ಕರ್ಬಿ 1972ರಲ್ಲಿ ಕಾಮಿಕ್ಸ್‌ಗಾಗಿ ಸೃಷ್ಟಿಸಿದ ಪಾತ್ರ ಇದು. ಎರಡೂ ಸಿನಿಮಾಗಳಲ್ಲಿ ಅವನ ದನಿ ಕಿಯರನ್ ಹೈಂಡ್ಸ್ ಅವರದೇ. ಮೊದಲನೆಯದರಲ್ಲಿ ಅವನು ಬರುತ್ತಾನೆ, ಗರ್ಜಿಸುತ್ತಾನೆ, ಭೂಮಿಯನ್ನು ನಾಶ ಮಾಡುತ್ತೇನೆ ಎನ್ನುತ್ತಾನೆ, ಸೋಲುತ್ತಾನೆ. ಏಕೆ ಹಾಗೆ ಮಾಡುತ್ತಾನೆ ಎಂಬುದು ನಮಗೆ ಸರಿಯಾಗಿ ತಿಳಿಯುವುದೇ ಇಲ್ಲ. ಎರಡನೆಯದರಲ್ಲಿ ತಿಳಿಯುತ್ತದೆ. ಒಡೆಯ ಡಾರ್ಕ್‌ಸೈಡ್‌ಗೆ ಹಿಂದೊಮ್ಮೆ ದ್ರೋಹ ಮಾಡಿದ್ದಾನೆ. ಆ ಋಣ ತೀರಬೇಕಾದರೆ ಇನ್ನೂ 50,000 ಲೋಕಗಳನ್ನು ಗೆದ್ದುಕೊಡಬೇಕು. ಆಮೇಲಷ್ಟೇ ಮನೆಗೆ ಮರಳಬಹುದು. ಸಾಲದಲ್ಲಿ ಬಿದ್ದವನ ಹಾಗೆ ತಲೆ ತಗ್ಗಿಸಿ ಮಾತಾಡುವ ಆ ದೈತ್ಯನನ್ನು ನೋಡಿ ನನಗೆ ಆಶ್ಚರ್ಯವಾಯಿತು.

ಹಾಗಂತ ಅವನಿಗೆ ಕ್ಷಮೆ ಸಿಗುವುದಿಲ್ಲ. ಮೊದಲ ಸಿನಿಮಾದಲ್ಲಿ ಅವನ ಸೈನ್ಯವೇ ಅವನ ಮೇಲೆ ಬಿದ್ದು ಹೊತ್ತೊಯ್ಯುತ್ತದೆ. ಉದ್ದದ ಸಿನಿಮಾದಲ್ಲಿ ತಲೆಯೇ ಹೋಗುತ್ತದೆ. ಕಾರಣ ತಿಳಿದುಕೊಳ್ಳುವುದು ಬೇರೆ, ತಪ್ಪನ್ನು ಮನ್ನಿಸುವುದು ಬೇರೆ. ಇದು ನನ್ನ ಮೊದಲ ಮಾತು.

ಇದಕ್ಕೆ ಗೆಳೆಯನೊಬ್ಬ ಜೋಕರ್‌ನನ್ನು ಎದುರು ತಂದ. 2008ರ ‘ದ ಡಾರ್ಕ್ ನೈಟ್’ನಲ್ಲಿ ಹೀತ್ ಲೆಡ್ಜರ್ ಮಾಡಿದ ಜೋಕರ್‌ಗೆ ಹಿಂದಿನ ಕಥೆಯೇ ಇಲ್ಲ. ಬಾಯಿಯ ಗಾಯದ ಬಗ್ಗೆ ಒಮ್ಮೆ ಒಂದು ಕಥೆ ಹೇಳುತ್ತಾನೆ, ಇನ್ನೊಮ್ಮೆ ಇನ್ನೊಂದು. ಆದರೂ 2019ರಲ್ಲಿ ಹೊಆಕಿನ್ ಫೀನಿಕ್ಸ್ ಇಡೀ ಸಿನಿಮಾ ತುಂಬ ಕಷ್ಟಪಟ್ಟು ಜೋಕರ್ ಆದದ್ದಕ್ಕಿಂತ ಅವನೇ ಹೆಚ್ಚು ಹೆದರಿಸುತ್ತಾನೆ ಎಂಬುದು ಗೆಳೆಯನ ವಾದ. ಒಪ್ಪುತ್ತೇನೆ. ಆದರೆ ಲೆಡ್ಜರ್‌ನ ಜೋಕರ್‌ನಲ್ಲಿ ನಮಗೆ ಏನೋ ತಿಳಿದಿಲ್ಲ ಎಂಬುದಾದರೂ ತಿಳಿಯುತ್ತದೆ. ಕೆಟ್ಟ ಎಡಿಟಿಂಗ್ ಅದನ್ನೂ ಮುಚ್ಚಿಡುತ್ತದೆ. ಕತ್ತರಿಸಿದ ಜಾಗವೇ ಕಾಣದಂತೆ ಮಾಡಿ, ಇಷ್ಟೇ ಕಥೆ ಎಂದು ನಂಬಿಸುತ್ತದೆ.

ನಮ್ಮಲ್ಲೂ ಇದು ಹೊಸದೇನಲ್ಲ. ಕಾರ್ಕಳದ ಅನಂತ ಪೈ ಅವರ ಅಮರ ಚಿತ್ರಕಥೆಯಲ್ಲಿ ಪ್ರಹ್ಲಾದನ ಕಥೆ ತೆಳುವಾದ ಒಂದು ಪುಸ್ತಕ. ಅಷ್ಟರಲ್ಲಿ ಹಿರಣ್ಯಕಶಿಪು ಹುಬ್ಬು ಗಂಟಿಕ್ಕಿದ ರಾಕ್ಷಸ. ಅದೇ ಪಾತ್ರವನ್ನು 1983ರ ‘ಭಕ್ತ ಪ್ರಹ್ಲಾದ’ದಲ್ಲಿ ಡಾ. ರಾಜ್‌ಕುಮಾರ್ ಮಾಡಿದರು, ಪ್ರಹ್ಲಾದ ಅವರ ಮಗ ಪುನೀತ್. ಅಲ್ಲಿ ಕಾಣುವುದು ಅಹಂಕಾರಿ ದೊರೆ ಮಾತ್ರ ಅಲ್ಲ, ಮಗನ ಮೇಲೆ ಪ್ರಾಣ ಇಟ್ಟುಕೊಂಡ ಅಪ್ಪ ಕೂಡ. ಕೊನೆ ಬದಲಾಗುವುದಿಲ್ಲ, ನಾವು ನೋಡುವ ರೀತಿ ಬದಲಾಗುತ್ತದೆ. ಇನ್ನು ಕಣ್ಣಿಗೆ ಸುರ್ಮಾ ಹಚ್ಚಿ, ತಲೆಗೆ ಟೋಪಿ ಇಟ್ಟರೆ ವಿಲನ್ ಸಿದ್ಧ ಎನ್ನುವ ಸಿನಿಮಾಗಳ ಬಗ್ಗೆ ನಮ್ಮ ಕಾಲೇಜಿನಲ್ಲಿ ಬಿಡಿಸಿ ಹೇಳಬೇಕಾಗಿಲ್ಲ. ಅಲ್ಲಿ ಕಾರಣ ಹೇಳುವ ತೊಂದರೆಯನ್ನೂ ತೆಗೆದುಕೊಳ್ಳುವುದಿಲ್ಲ. ವೇಷವೇ ಕಾರಣ.

ಇದೆಲ್ಲ ಬರೀ ಸಿನಿಮಾ ಮಾತಾಗಿದ್ದರೆ ನಾನು ಬರೆಯುತ್ತಿರಲಿಲ್ಲ. ಈಗ ನಾವೆಲ್ಲರೂ ಎಡಿಟರ್‌ಗಳೇ. ನಮ್ಮ ಸಕಲೇಶಪುರ, ಆಲೂರಿನ ಕಾಡಾನೆಗಳ ರೀಲ್ಸ್ ನೋಡಿ. ತೋಟದಿಂದ ಆನೆ ಹೊರಬರುತ್ತದೆ, ಹಿಂದೆ ‘ಕೆಜಿಎಫ್’ ಮಾದರಿಯ ಮ್ಯೂಸಿಕ್, ಮೂವತ್ತು ಸೆಕೆಂಡ್. 2023ರ ಡಿಸೆಂಬರ್ 4ರಂದು ಯಸಳೂರು ವಲಯದಲ್ಲಿ ದಸರಾ ಆನೆ ಅರ್ಜುನ ಕಾಡಾನೆ ಸೆರೆ ಕಾರ್ಯಾಚರಣೆಯಲ್ಲಿ ಸತ್ತಾಗ ನಾನೂ ಅಂಥ ವಿಡಿಯೊ ಫಾರ್ವರ್ಡ್ ಮಾಡಿದ್ದೆ. ಅರ್ಜುನ ಹೀರೊ, ಎದುರಿನ ಕಾಡಾನೆ ವಿಲನ್. ಆಮೇಲೆ ಓದಿದೆ: 1968ರಲ್ಲಿ ಕಾಕನಕೋಟೆಯ ಖೆಡ್ಡಾದಲ್ಲಿ ಸಿಕ್ಕಿಬಿದ್ದ ಅರ್ಜುನನೂ ಒಂದು ಕಾಲದ ಕಾಡಾನೆ. ಮಾವುತರೊಬ್ಬರ ಸಾವಿನ ಬಳಿಕ ವರ್ಷಗಳ ಕಾಲ ಅವನಿಗೂ ಪುಂಡನೆಂಬ ಹೆಸರಿತ್ತು. ಚಿನ್ನದ ಅಂಬಾರಿಯನ್ನು ಎಂಟು ಸಲ ಹೊತ್ತದ್ದು ಆಮೇಲೆ. ನಾನು ಕಳಿಸಿದ ವಿಡಿಯೊದಲ್ಲಿ ಇದೊಂದೂ ಇರಲಿಲ್ಲ.

ಈ ಲೇಖನವನ್ನು ಆಲೂರು ಕಡೆಯ ಸಹಪಾಠಿಗೆ ತೋರಿಸಿದಾಗ ಅವಳಿಗೆ ಸಿಟ್ಟು ಬಂತು. “ಆನೆಗೆ ಫ್ಲ್ಯಾಶ್‌ಬ್ಯಾಕ್ ಬರೀತೀಯ, ಸರಿ. ನಮ್ಮದನ್ನು ಯಾರು ಬರೀತಾರೆ? ಕೊಯ್ಲಿಗೆ ಬಂದ ಗದ್ದೆ ಒಂದೇ ರಾತ್ರಿಗೆ ಹೋಯ್ತು. ಸಂಜೆ ಬಸ್ ಇಳಿದು ಮನೆಗೆ ಹೋಗೋಕೆ ಅಪ್ಪ ಟಾರ್ಚ್ ಹಿಡಿದು ಬರಬೇಕು. ಪಟಾಕಿ ಹೊಡೆದು ಆನೆ ಓಡಿಸಿದ ವಿಡಿಯೊ ಕೆಳಗೆ ಕಾಮೆಂಟ್ ಓದು. ಅಲ್ಲಿ ವಿಲನ್ ನಾವು.”

ಓದಿದೆ. ಎಲ್ಲಿಂದಲೋ ಬರೆದವರು ನಮ್ಮವರನ್ನು ರಾಕ್ಷಸರು ಎಂದಿದ್ದರು. ಆ ವಿಡಿಯೊದಲ್ಲಿ ತುಳಿದುಹೋದ ಗದ್ದೆ ಇರಲಿಲ್ಲ, ಟಾರ್ಚ್ ಹಿಡಿದ ಅಪ್ಪ ಇರಲಿಲ್ಲ. ಹೈಕೋರ್ಟ್ ರಚಿಸಿದ ಕಾರ್ಯಪಡೆ 2012ರಲ್ಲಿ ಕೊಟ್ಟ ವರದಿಯ ನಂತರ ಈ ಭಾಗದಿಂದ ಇಪ್ಪತ್ತಕ್ಕೂ ಹೆಚ್ಚು ಆನೆಗಳನ್ನು ಹಿಡಿದು ಸಾಗಿಸಿದರೂ ತೊಂದರೆ ನಿಲ್ಲಲಿಲ್ಲ ಎಂಬ ಸಂಗತಿಯೂ ಇರಲಿಲ್ಲ. ಕತ್ತರಿ ಯಾರ ಕೈಯಲ್ಲಿದೆಯೋ ಅವರು ಬಯಸಿದವರು ವಿಲನ್. ಇವತ್ತು ಆನೆ, ನಾಳೆ ಅವಳ ಅಪ್ಪ, ನಾಡಿದ್ದು ನಾನೋ ನೀವೋ.

ಎಲ್ಲವನ್ನೂ ನಾಲ್ಕು ಗಂಟೆ ನೋಡಿ ಎಂದು ನಾನು ಹೇಳುವುದಿಲ್ಲ. ಪರೀಕ್ಷೆಯೂ ಹತ್ತಿರವಿದೆ. ಆದರೆ ಬಂದ ಸುದ್ದಿಯನ್ನು ವಿಚಾರಿಸದೆ ಮುಂದೆ ದಾಟಿಸಬಾರದೆಂದು ಮದರಸಾದಲ್ಲಿ ಕಲಿತವರು ನಾವು. ಯಾರನ್ನಾದರೂ ವಿಲನ್ ಮಾಡುವ ವಿಡಿಯೊ ಬಂದಾಗ, ಇದರ ಮೊದಲು ಏನಿತ್ತು, ಆಮೇಲೆ ಏನಾಯಿತು ಎಂದು ಒಮ್ಮೆ ಕೇಳಿಕೊಳ್ಳೋಣ. ಉತ್ತರ ಗೊತ್ತಿಲ್ಲದಿದ್ದರೆ ಅದು ನಮ್ಮ ಮೊಬೈಲ್‌ನಲ್ಲೇ ಉಳಿಯಲಿ. ಆ ಅರ್ಜುನನ ವಿಡಿಯೊವನ್ನು ನಾನು ಅಳಿಸಿದೆ. ಆದರೆ ಆಗ ಹನ್ನೊಂದು ಜನರಿಗೆ ಕಳಿಸಿದ್ದನ್ನು ವಾಪಸ್ ಪಡೆಯಲು ನನ್ನಿಂದ ಆಗಲಿಲ್ಲ.